ಮೀನಿಗೆ ಊಟ ಹಾಕಿದ ಗಡಿಯಾರ

ನಮ್ಮಪ್ಪನ ಕೈ ಮೊದಲು ಮಾತಾಡುತ್ತಿತ್ತು, ಬಾಯಿ ಆಮೇಲೆ. ಚನ್ನಪಟ್ಟಣದಲ್ಲಿ ಮರ ಕಡೆಯುವವರಿಗೆ ಬರವಿರಲಿಲ್ಲ, ಆದರೆ ಲೇತಿನ ಮುಂದೆ ಕೂತು ಒಂದು ಕೈಯಲ್ಲಿ ಉಳಿ ಹಿಡಿದು ಇನ್ನೊಂದು ಕೈಯಲ್ಲಿ ಮಗನ ಕಪಾಳಕ್ಕೆ ಬಾರಿಸಿ, ಮತ್ತೆ ಕೂದಲೆಳೆಯಷ್ಟೂ ತಪ್ಪದೆ ಕಡೆಯುವವನು ನಮ್ಮ ಬೀದಿಯಲ್ಲಿ ಅಪ್ಪನೊಬ್ಬನೇ. ಅವನಿಗೆ ಗೊತ್ತಿದ್ದ ಸಂಸ್ಕೃತವೆಂದರೆ ಎರಡೇ ಶಬ್ದ: ದಂಡಂ ದಶಗುಣಂ. ಏಟು ಬಿದ್ದದ್ದು ಯಾಕೆಂದು ಕೇಳಿದರೆ ಇನ್ನೊಂದು ಬೀಳುತ್ತಿತ್ತು. ಅವನ ಕೆಲಸದಲ್ಲಿ ತಪ್ಪು ಕಂಡು ಬಾಯಿಬಿಟ್ಟರಂತೂ ಮುಗಿದೇಹೋಯಿತು. ಹತ್ತು ವರ್ಷದವನಿದ್ದಾಗ ಬುಗುರಿಯೊಂದು ಓರೆಯಾಗಿದೆ ಎಂದಿದ್ದೆ. ಉಳಿಯ ಹಿಡಿ ಹುಬ್ಬಿನ ಮೇಲೆ ಬಿದ್ದು ಮೂರು ಹೊಲಿಗೆ ಹಾಕಿಸಬೇಕಾಯಿತು. ಬುಗುರಿ ಓರೆಯಾಗಿಯೇ ಇತ್ತು.

ನಾನೇನೂ ಸಾಧು ಅಲ್ಲ. ಅಮ್ಮ ನನ್ನನ್ನು ನೋಡಿ, "ಅಪ್ಪನ ಸಿಟ್ಟು ಸಾಲ್ದು ಅಂತ ದೇವ್ರು ಇನ್ನೊಂದ್ ಪ್ರತಿ ಮಾಡ್ಬುಟ್ಟ" ಎನ್ನುತ್ತಿದ್ದಳು. ಇಪ್ಪತ್ತಕ್ಕೆ ಲೇತು ಬಿಟ್ಟು ಬಿಡದಿ ಕಡೆಯ, ತಗಡು ಅಚ್ಚೊತ್ತುವ ಒಂದು ಸಣ್ಣ ಪ್ರೆಸ್ ಶಾಪಿಗೆ ಸೇರಿದೆ. ಆಗ ಮೈಸೂರು ರಸ್ತೆಯುದ್ದಕ್ಕೂ ರಾಗಿ ಹೊಲಗಳಿಗೆ ಕಾಂಪೌಂಡು ಏಳುತ್ತಿದ್ದ ಕಾಲ. ಬಸ್ಸಿನ ಕಿಟಕಿಯಿಂದ ನೋಡುತ್ತಿದ್ದರೆ ತಿಂಗಳಿಗೊಂದು ಹೊಸ ಶೆಡ್ಡು. ಅಲ್ಲಿ ತಗಡನ್ನು ಅಚ್ಚಿನ ಕೆಳಗಿಟ್ಟು, ಎರಡು ಕೈಯಿಂದ ಎರಡು ಗುಂಡಿ ಒತ್ತಿದರೆ ಮಾತ್ರ ಪ್ರೆಸ್ಸು ಬೀಳಬೇಕು. ಎರಡು ಕೈಯೂ ಗುಂಡಿಯ ಮೇಲಿದ್ದರೆ ಬೆರಳು ಉಳಿಯುತ್ತದೆ ಎಂಬ ಲೆಕ್ಕ. ಬೇಗ ಮುಗಿಯಲಿ ಎಂದು ನಾವು ಒಂದು ಗುಂಡಿ ಒತ್ತಿಕೊಂಡೇ ಇರಲೆಂದು ಅದಕ್ಕೆ ಮರದ ಚಕ್ಕೆ ಸಿಕ್ಕಿಸಿಬಿಡುತ್ತಿದ್ದೆವು. ನನ್ನ ಪಕ್ಕದ ಪ್ರೆಸ್ಸಿನವನು, ಮಾಗಡಿ ಕಡೆಯ ಹುಡುಗ, ಹಾಗೆ ಮಾಡಿಯೇ ಬಲಗೈಯ ಎರಡು ಬೆರಳು ಕಳೆದುಕೊಂಡ. ಅವನು ಕಿರುಚಲೂ ಇಲ್ಲ. ತಗಡಿನ ಜೊತೆ ಚಪ್ಪಟೆಯಾದ ಬೆರಳನ್ನು ನೋಡುತ್ತ ನಿಂತಿದ್ದ. ಆ ಚಕ್ಕೆ ಸಿಕ್ಕಿಸಿಕೊಟ್ಟವನು ನಾನು. ಅಂದಿನಿಂದ ಯಂತ್ರಕ್ಕೆ ಎಲ್ಲಿ ಸಂದು ಬೇಕು, ಎಲ್ಲಿ ಬಿಸಿಯಾಗುತ್ತದೆ, ಎಲ್ಲಿ ಕಚ್ಚಿಕೊಳ್ಳುತ್ತದೆ ಎನ್ನುವುದು ನನ್ನ ಕಣ್ಣಿಗೆ ಮೊದಲು ಕಾಣಲು ಶುರುವಾಯಿತು.

ಅದೇ ವರ್ಷ ಮನೆಗೆ ಮೀನು ಬಂತು. ಅಪ್ಪನ ಬೊಂಬೆಗಳನ್ನು ಕೊಳ್ಳುತ್ತಿದ್ದ ಬೆಂಗಳೂರಿನ ವ್ಯಾಪಾರಿಯೊಬ್ಬರು, ಪ್ಲಾಸ್ಟಿಕ್ ಆಟಿಕೆಗಳ ಮುಂದೆ ನಿಲ್ಲಲಾರದೆ ಅಂಗಡಿ ಮುಚ್ಚಿದರು. ಮುಚ್ಚುವ ದಿನ ತಮ್ಮ ಗಲ್ಲಾಪೆಟ್ಟಿಗೆಯ ಹಿಂದಿದ್ದ ಗಾಜಿನ ತೊಟ್ಟಿಯನ್ನು ಮೀನಿನ ಸಮೇತ ಅಪ್ಪನಿಗೆ ಕೊಟ್ಟು ಕಳಿಸಿದರು. ಫ್ಲವರ್‌ಹಾರ್ನ್ ಅಂತ ಜಾತಿ. ಹಣೆಯ ಮೇಲೆ ನಿಂಬೆಹಣ್ಣಿನಷ್ಟು ಗುಬುಟು, ಮೈಯೆಲ್ಲ ಕೆಂಪು, ಕಣ್ಣಲ್ಲಿ ಜಗಳ. ಆಗ ಅದು ವಾಸ್ತುವಿಗೆ ಒಳ್ಳೆಯದೆಂದು ಎಲ್ಲ ಅಂಗಡಿಯವರೂ ಸಾಕುತ್ತಿದ್ದರು. ಆ ವ್ಯಾಪಾರಿಗೆ ಯಾವ ವಾಸ್ತುವೂ ಕೈ ಹಿಡಿಯಲಿಲ್ಲ ಅನ್ನುವುದು ಬೇರೆ ಮಾತು.

ಒಂಟಿಯಾಗಿದೆ ಪಾಪ ಎಂದು ಅಪ್ಪ ನಾಲ್ಕು ಗೋಲ್ಡ್ ಫಿಶ್ ತಂದು ಬಿಟ್ಟ. ನಾವು ಮಧ್ಯಾಹ್ನದ ಊಟ ಮುಗಿಸಿ ಕೈ ತೊಳೆದು ಬರುವಷ್ಟರಲ್ಲಿ ಒಂದಕ್ಕೆ ಬಾಲವಿರಲಿಲ್ಲ, ಎರಡಕ್ಕೆ ಕಣ್ಣಿರಲಿಲ್ಲ, ನಾಲ್ಕನೆಯದು ಕಾಣಲೇ ಇಲ್ಲ. ನೀರೆಲ್ಲ ಚಿನ್ನದ ಬಣ್ಣದ ಹುರುಪೆ. ಅಮ್ಮ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದಳು. ಅಪ್ಪ ಮಾತ್ರ ಮಂಡಿಯೂರಿ ಕೂತು, "ನಿಂಗ್ಯಾರೂ ಬ್ಯಾಡ್ವೇನಪ್ಪ? ಆಯ್ತು, ನಾನಿದ್ದೀನಿ ಬುಡು" ಎಂದ. ಆ ದನಿಯನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಹೊಟ್ಟೆಯೊಳಗೆ ಕಿಚ್ಚು ಬಿತ್ತು. ಒಂದು ಮೀನಿನ ಮೇಲೆ ಹೊಟ್ಟೆಕಿಚ್ಚು ಪಡುವ ಗತಿ ಬಂತಲ್ಲ ಎಂದು ಇನ್ನೂ ಉರಿಯಿತು.

ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವವರ ಹತ್ತಿರದಿಂದ, ಬಿಸಿನೀರಿನಲ್ಲಿ ಬೆಂದು ಗೂಡಿನಿಂದ ಹೊರಬಿದ್ದ ಹುಳಗಳನ್ನು ತಂದು, ತಾರಸಿಯ ಮೇಲೆ ಒಣಗಿಸಿ, ಕೆಲವನ್ನು ಕುಟ್ಟಿ ಪುಡಿ ಮಾಡಿ, ಕೆಲವನ್ನು ಹಾಗೇ, ಅಪ್ಪ ಅದಕ್ಕೆ ತಿನ್ನಿಸುತ್ತಿದ್ದ. ಮನೆಯೆಲ್ಲ ಆ ವಾಸನೆ. ಬೆರಳು ತೋರಿಸಿದರೆ ಯಾರದ್ದಾದರೂ ಸರಿ ಕಚ್ಚುತ್ತಿದ್ದ ಮೀನು ಅಪ್ಪನ ಬೆರಳ ಸಂದಿನಿಂದ ಮಾತ್ರ ಹುಳವನ್ನು ಮೆಲ್ಲಗೆ ತೆಗೆದುಕೊಳ್ಳುತ್ತಿತ್ತು. ಬಂದವರಿಗೆಲ್ಲ ಅದನ್ನು ತೋರಿಸುವುದೇ ಅವನಿಗೊಂದು ಹಬ್ಬ.

ಒಂದು ದಿನ ಗಿರಾಕಿಗಳ ಮುಂದೆಯೇ ನನಗೆ ಎರಡು ಬಾರಿಸಿದ. ತಪ್ಪೇನೆಂದು ಇವತ್ತಿಗೂ ನೆನಪಾಗುವುದಿಲ್ಲ. ಅವರ ಜೊತೆ ಅಪ್ಪನೂ ಹೊರಗೆ ಹೋದ ಮೇಲೆ ಉಳಿಯ ಹಿಡಿ ತೆಗೆದುಕೊಂಡು ತೊಟ್ಟಿಯ ಗಾಜಿಗೆ ಬಡಿದೆ. ಬಡಿದಷ್ಟೂ ಮೀನು ನನ್ನ ಕಡೆಗೇ ನುಗ್ಗಿ ಗಾಜಿಗೆ ಹಣೆ ಚಚ್ಚಿಕೊಂಡಿತು. ನಾನು ನಿಲ್ಲಿಸಲಿಲ್ಲ, ಅದೂ ನಿಲ್ಲಿಸಲಿಲ್ಲ. ಗುಬುಟು ಒಡೆದು ನೀರಿನಲ್ಲಿ ರಕ್ತದ ಎಳೆ ಬಿಟ್ಟುಕೊಳ್ಳುವಾಗ ಅಪ್ಪ ಬಾಗಿಲಲ್ಲಿ ನಿಂತಿದ್ದ. ಅವತ್ತು ಬಿದ್ದ ಏಟಿನ ಲೆಕ್ಕ ನಾನು ಹೇಳುವುದಿಲ್ಲ. ಕೊನೆಗೆ ಅವನು ಹೇಳಿದ್ದಿಷ್ಟೇ: "ಇನ್ಮೇಲೆ ನಿನ್ ಕೈ ಅದ್ರತ್ರ ಓದ್ರೆ ಕೈಯೇ ಇರಕ್ಕಿಲ್ಲ ಕಣ್ಲಾ."

ಮರುವರ್ಷ ಅಪ್ಪನಿಗೆ ಹರ್ನಿಯಾ ಆಪರೇಷನ್ ಎಂದು ಗೊತ್ತಾಯಿತು. ಮೈಸೂರಿನ ಆಸ್ಪತ್ರೆಯಲ್ಲಿ ಎಂಟು ದಿನ, ಜೊತೆಗೆ ಅಮ್ಮ. ಮನೆಯಲ್ಲಿ ಉಳಿಯುವವನು ನಾನೊಬ್ಬ. ಅಪ್ಪನಿಗೆ ತನ್ನ ಹೊಟ್ಟೆ ಕುಯ್ಯುವುದಕ್ಕಿಂತ ಮೀನಿನ ಹೊಟ್ಟೆಯದೇ ಚಿಂತೆ.

"ನಾನ್ ಹಾಕ್ತೀನಿ ಬುಡು," ಎಂದೆ.

"ನೀನಾ? ಬೆಕ್ಕಿನ್ ಕೈಗೆ ಆಲು ಕೊಟ್ಟಂಗೆ. ಕೈಯೇ ಬ್ಯಾಡ. ಮಿಷನ್ನಲ್ಲಿ ಕೆಲ್ಸ ಮಾಡ್ತೀನಿ ಅಂತ ಮೆರೀತೀಯಲ್ಲ, ಒಂದ್ ಮಿಷನ್ ಮಾಡು. ತಾನೇ ಊಟ ಹಾಕ್ಬೇಕು. ನಿನ್ ಕೈ ಸೋಕ್ಬಾರ್ದು."

ಹಾಗೆ ಶುರುವಾಯಿತು. ಕರೆಂಟನ್ನು ನಂಬುವ ಹಾಗಿರಲಿಲ್ಲ, ದಿನಕ್ಕೆ ನಾಲ್ಕು ಸಲ ಹೋಗುತ್ತಿತ್ತು. ನಮ್ಮ ಗೋಡೆಯ ಮೇಲೆ ತಾತನ ಕಾಲದ ಗಡಿಯಾರವಿತ್ತು, ಒಂದು ಸಲ ಕೀ ಕೊಟ್ಟರೆ ಎಂಟು ದಿನ ನಡೆಯುವಂಥದ್ದು. ಅದನ್ನು ಇಳಿಸಿ ಮುಳ್ಳು ಕಿತ್ತೆ. ಗಂಟೆ ಮುಳ್ಳಿನ ಕಡ್ಡಿ ಹನ್ನೆರಡು ಗಂಟೆಗೊಂದು ಸುತ್ತು ಹಾಕುತ್ತದಲ್ಲ, ಅದಕ್ಕೆ ಹಗುರವಾದ ಮರದ ಡಬ್ಬಿಯೊಂದನ್ನು ಸಿಕ್ಕಿಸುವುದು. ಡಬ್ಬಿಯ ಮೈಯಲ್ಲೊಂದು ತೂತು. ಡಬ್ಬಿಯ ಸುತ್ತ ಅಲುಗಾಡದ ಒಂದು ಬಳೆ, ಬಳೆಯ ತಳದಲ್ಲೊಂದು ತೂತು. ಡಬ್ಬಿ ತಿರುಗುತ್ತ ತಿರುಗುತ್ತ ಎರಡು ತೂತೂ ಒಂದರ ಮೇಲೊಂದು ಬಂದಾಗ ಹುಳದ ಪುಡಿ ಒಂದಿಷ್ಟು ಕೆಳಗೆ ಬೀಳಬೇಕು, ದಾಟಿದ ಮೇಲೆ ನಿಲ್ಲಬೇಕು. ಬೆಳಿಗ್ಗೆ ಒಂದು ಹೊತ್ತು, ಸಂಜೆ ಒಂದು ಹೊತ್ತು. ಗಡಿಯಾರ ನನ್ನ ಪಾಲು, ಡಬ್ಬಿ ಮತ್ತು ಬಳೆ ಅಪ್ಪನ ಪಾಲು.

ನಾಲ್ಕು ದಿನ ಒಂದೇ ಕೋಣೆಯಲ್ಲಿ ಕೂತು ಕೆಲಸ ಮಾಡಿದೆವು. ಮೊದಲ ಡಬ್ಬಿ ಭಾರವಾಗಿ ಗಡಿಯಾರ ನಿಂತಾಗ ಅಪ್ಪ ಅದನ್ನು ಗೋಡೆಗೆ ಎಸೆದ, ಎರಡು ಹೋಳಾಯಿತು. ಎರಡನೆಯದರ ತೂತು ದೊಡ್ಡದಾಗಿ ಪುಡಿಯೆಲ್ಲ ಸುರಿದಾಗ ನಾನು ಇಕ್ಕಳ ಎಸೆದೆ, ಅದು ಅವನ ಕಿವಿಯ ಪಕ್ಕದಲ್ಲಿ ಹಾದು ಬಾಗಿಲಿಗೆ ನಾಟಿತು. "ಗುರಿ ಒಸಿ ಸರಿ ಇಲ್ಲ" ಎಂದ ಅಪ್ಪ, ತಿರುಗಿಯೂ ನೋಡದೆ. ನನಗೆ ನಗು ಬಂತು. ಅವನಿಗೂ ಬಂದಿರಬೇಕು, ಬೆನ್ನು ಅಲುಗಿತು. ನಮ್ಮಿಬ್ಬರ ನಡುವೆ ಅಂಥದ್ದೊಂದು ಗಳಿಗೆ ಅದಕ್ಕೆ ಮೊದಲು ಇರಲಿಲ್ಲ.

ಮೂರನೆಯ ಡಬ್ಬಿ ಕಾಗದದಷ್ಟು ತೆಳ್ಳಗೆ ಬಂತು. ಹಾಲೆಮರದ ಬಿಳುಪು, ಬಳೆಯೊಳಗೆ ಗಾಳಿಯಷ್ಟೇ ಆಡುವ ಸಂದಿನಲ್ಲಿ ಕೂತು ತಿರುಗುತ್ತಿತ್ತು. ಅಲ್ಲಿಗೆ ಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಅಪ್ಪ ಅರಗಿನ ಕಡ್ಡಿ ತೆಗೆದ. ನಮ್ಮವರಲ್ಲಿ ಅರಗು ಹಚ್ಚದ ಸಾಮಾನು ಹೊಸ್ತಿಲು ದಾಟುವುದಿಲ್ಲ. ಬರಿ ಮರವೆಂದರೆ ಬತ್ತಲೆ ಕೂಸು ಎಂದು ತಾತ ಹೇಳುತ್ತಿದ್ದನಂತೆ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ, ಉಜ್ಜಿದ ಬಿಸಿಗೆ ಅರಗು ಕರಗಿ ಮರವನ್ನು ಹಿಡಿಯುತ್ತದೆ. ಡಬ್ಬಿಯ ಹೊರಮೈಗೆ ಕೆಂಪು, ಬಳೆಯ ಒಳಮೈಗೆ ಹಳದಿ. ತಾಳೆಗರಿಯಿಂದ ತೀಡಿ ಕನ್ನಡಿ ಮಾಡಿದ.

"ಒಳಗಡೆ ಬ್ಯಾಡ ಕಣಪ್ಪ, ಸಂದು ಇರ್ಬೇಕು—" ಎಂದು ಬಾಯಿ ತೆಗೆದೆ. ಮಾತು ಮುಗಿಯುವ ಮೊದಲೇ ಉಳಿಯ ಹಿಡಿ ನನ್ನ ಮೊಣಕೈ ಗಂಟಿಗೆ ಬಿತ್ತು. ಕೈ ಜೋಮು ಹಿಡಿಯಿತು.

"ನಲ್ವತ್ ವರ್ಸದಿಂದ ಅರಗು ಹಚ್ತಾ ಇವ್ನಿ. ನಂಗೆ ಯೋಳ್ಕೊಡ್ತೀಯೇನ್ಲಾ?"

ಅಷ್ಟೇ. ಆ ನಗುವಿನ ಗಳಿಗೆಯೂ ಅದರ ಜೊತೆಗೇ ಹೋಯಿತು.

ಹೊರಡುವ ದಿನ ತೊಟ್ಟಿಯ ತಗಡಿನ ಮುಚ್ಚಳಕ್ಕೊಂದು ತೂತು ಕೊರೆದು ಯಂತ್ರವನ್ನು ಅದರ ಮೇಲೆ ಕೂರಿಸಿದೆವು. ಮುಚ್ಚಳದ ಒಳಗೆ ಅರವತ್ತು ಕ್ಯಾಂಡಲ್ಲಿನ ಬಲ್ಬು. ಮೀನಿಗೆ ಚಳಿಯಾಗಬಾರದೆಂದು ಅಪ್ಪ ಅದನ್ನು ಆರಿಸುತ್ತಲೇ ಇರಲಿಲ್ಲ. ಡಬ್ಬಿಯನ್ನು ಸರಿಪಡಿಸುವಾಗ ನನ್ನ ಅಂಗೈ ತಗಡಿಗೆ ತಾಗಿ ಚುರ್ ಎಂದಿತು. ಆ ಕ್ಷಣ ನನಗೆ ಗೊತ್ತಾಯಿತು. ಬಿಸಿಗೆ ಕರಗಿ ಮರ ಹಿಡಿಯುವ ಅರಗು, ಅದೇ ಬಿಸಿಗೆ ಮೆದುವಾಗಿ ಅಂಟೂ ಆಗುತ್ತದೆ. ಡಬ್ಬಿಗೂ ಬಳೆಗೂ ಕೂದಲೆಳೆಯ ಸಂದೂ ಇಲ್ಲ. ಇದು ಕಚ್ಚಿಕೊಳ್ಳುತ್ತದೆ, ಇವತ್ತಲ್ಲ ನಾಳೆ.

ಹೇಳಬೇಕೆಂದು ತಲೆ ಎತ್ತಿದೆ. ಅಪ್ಪ ಮುಚ್ಚಳಕ್ಕೂ ತೊಟ್ಟಿಗೂ ಸೇರಿಸಿ ದಾರ ಕಟ್ಟಿ, ಗಂಟಿನ ಮೇಲೆ ಅರಗು ಕರಗಿಸಿ ಸುರಿದು, ಬಿಸಿಯಾಗಿದ್ದಾಗಲೇ ಹೆಬ್ಬೆರಳು ಒತ್ತಿದ. ಕಚೇರಿಯ ಲಕೋಟೆಗೆ ಹಾಕುವಂಥ ಮುದ್ರೆ.

"ಬಂದಾಗ ಇದು ಇಂಗೇ ಇರ್ಬೇಕು. ಇಲ್ದಿದ್ರೆ ನೀನು ಕೈ ಆಕಿದ್ದೀಯ ಅಂತ ತಿಳ್ಕೋತೀನಿ."

ಅಮ್ಮ ಚೀಲ ಹಿಡಿದು ತಲೆ ತಗ್ಗಿಸಿದಳು. ಮೊಣಕೈ ಇನ್ನೂ ನೋಯುತ್ತಿತ್ತು. ನಾನು ಬಾಯಿ ಮುಚ್ಚಿದೆ. ಹೆದರಿ ಮುಚ್ಚಿದೆನೆಂದರೆ ಅರ್ಧ ಸುಳ್ಳು. ಕಚ್ಚಿಕೊಳ್ಳಲಿ, ಸಾಯಲಿ, ನಿನ್ನ ಅರಗೇ ನಿನ್ನ ಮೀನನ್ನು ಕೊಲ್ಲಲಿ ಎಂದು ಒಳಗೊಳಗೇ ಬಯಸಿದೆ. ಅವರು ಆಟೋ ಹತ್ತುವಾಗ ನಗುನಗುತ್ತಲೇ ಕೈ ಬೀಸಿದೆ.

ಎರಡು ದಿನ ಗಡಿಯಾರ ಸರಿಯಾಗಿ ಊಟ ಹಾಕಿತು. ನನಗೆ ನಿರಾಸೆಯೇ ಆಯಿತೆಂದು ಹೇಳಿಬಿಡುತ್ತೇನೆ. ಮೂರನೆಯ ದಿನ ಮೊದಲ ಪಾಳಿ ಮುಗಿಸಿ ಮೂರು ಗಂಟೆಗೆ ಮನೆಗೆ ಬಂದರೆ, ಬಾಗಿಲು ತೆಗೆಯುವ ಮೊದಲೇ ನಾತ. ತೊಟ್ಟಿಯ ನೀರು ಗಂಜಿಯಂತೆ ಬೆಳ್ಳಗಾಗಿತ್ತು. ಡಬ್ಬಿ ಬಳೆಗೆ ಅಂಟಿಕೊಂಡಿತ್ತು, ಅದೂ ತೂತಿಗೆ ತೂತು ಕೂಡುವ ಜಾಗದಲ್ಲೇ. ಆರು ದಿನದ ಪುಡಿ ಒಂದೇ ಸಲಕ್ಕೆ ಸುರಿದು, ಹುಳದ ಎಣ್ಣೆ ಮೇಲೆ ಕೆನೆಗಟ್ಟಿ, ಕೆಳಗೆಲ್ಲ ಕೊಳೆಯುತ್ತಿತ್ತು. ಮೀನು ಪಕ್ಕಕ್ಕೆ ವಾಲಿ, ಮೂಲೆಯಲ್ಲಿ ಕಿವಿರು ಪಟಪಟನೆ ಬಡಿಯುತ್ತಿತ್ತು.

ಬಯಸಿದ್ದೇ ನಡೆದಿತ್ತು. ಐದು ನಿಮಿಷ ಸುಮ್ಮನೆ ನಿಂತಿದ್ದರೆ ಸಾಕಿತ್ತು, ಮುದ್ರೆಯೂ ಹಾಗೇ ಇರುತ್ತಿತ್ತು, ನನ್ನನ್ನು ಯಾರೂ ಏನೂ ಕೇಳುವ ಹಾಗಿರಲಿಲ್ಲ. ಆ ಮೀನು ಒಂದೇ ಕಣ್ಣಿನಿಂದ ನನ್ನನ್ನು ನೋಡಿತು. ಬೆರಳು ಚಪ್ಪಟೆಯಾದ ಮಾಗಡಿಯ ಹುಡುಗ ಕಿರುಚದೆ ನಿಂತದ್ದು ನೆನಪಾಯಿತು. ಆ ಚಕ್ಕೆಯನ್ನೂ ಸಿಕ್ಕಿಸಿದವನು ನಾನೇ. ಸ್ಕ್ರೂಡ್ರೈವರ್ ತಂದು ಅರಗಿನ ಮುದ್ರೆಯನ್ನು ಕುಟ್ಟಿ ಪುಡಿ ಮಾಡಿದೆ.

ಕೈ ಹಾಕಿದರೆ, ಸಾಯುತ್ತಿರುವ ಮೀನು ಹೆಬ್ಬೆರಳ ಬುಡಕ್ಕೆ ಬಾಯಿ ಹಾಕಿ ಜೋತುಬಿತ್ತು. ಹಾಗೇ ಎತ್ತಿ, ಬಾವಿಯ ನೀರು ತುಂಬಿದ ಪ್ಲಾಸ್ಟಿಕ್ ಟಬ್ಬಿಗೆ ಬಿಟ್ಟೆ. ನೀರಿನಲ್ಲಿ ಬಿಟ್ಟಮೇಲೂ ಅದು ಕೈ ಬಿಡಲಿಲ್ಲ. "ಬುಡೋ, ನಿನ್ನಜ್ಜಿ, ನಿನ್ ಉಳಿಸ್ತಾ ಇವ್ನಿ ಕಣೋ!" ಎಂದು ಕೂಗಾಡಿದೆ. ಕತ್ತಲಾಗುವವರೆಗೆ ಬಾವಿಯಿಂದ ಕೊಡಕೊಡ ಸೇದಿ ತೊಟ್ಟಿ ತೊಳೆದೆ. ಮರುದಿನ ಪಾಳಿಗೆ ಹೋಗದೆ ಅದರ ಪಕ್ಕದಲ್ಲೇ ಕೂತೆ. ಸಂಜೆಗೆ ಅದು ನೇರವಾಯಿತು. ಇನ್ನೊಂದು ದಿನ ಕಳೆದು ತೊಟ್ಟಿಗೆ ಬಿಟ್ಟರೆ, ನನ್ನನ್ನು ನೋಡಿ ಗಾಜಿಗೆ ನುಗ್ಗಿತು. ನನಗೆ ಅಳು ಬಂತು, ಸಂತೋಷಕ್ಕೆ.

ಇನ್ನು ಯಂತ್ರವನ್ನು ನಂಬುವ ಹಾಗಿರಲಿಲ್ಲ. ಎರಡು ಬೆರಳ ನಡುವೆ ಹುಳ ಹಿಡಿದು ನಾನೇ ತಿನ್ನಿಸಿದೆ. ಮೊದಲ ಸಲ ಬೆರಳ ತುದಿ ಕಿತ್ತಿತು. ಎರಡನೆಯ ಸಲ ಉಗುರಿನ ಬುಡ. ಬಟ್ಟೆ ಸುತ್ತಿಕೊಂಡರೆ ತಿನ್ನುತ್ತಿರಲಿಲ್ಲ, ಬರಿಗೈಯೇ ಆಗಬೇಕು ಅದಕ್ಕೆ. ಬೈಯುತ್ತ, ರಕ್ತ ಒರೆಸಿಕೊಳ್ಳುತ್ತ ಹೊತ್ತಿಗೆ ಸರಿಯಾಗಿ ಕೈ ಹಾಕಿದೆ. ಎಂಟನೆಯ ದಿನ ಬೆಳಿಗ್ಗೆ ಅದು ಬಂದು, ನಿಂತು, ಹುಳವನ್ನಷ್ಟೇ ಮೆಲ್ಲಗೆ ತೆಗೆದುಕೊಂಡು ಹಿಂದೆ ಸರಿಯಿತು. ತುಟಿ ಸೋಕಿದ್ದೂ ಗೊತ್ತಾಗಲಿಲ್ಲ.

ಆಮೇಲೆ ನಾನು ಮಾಡಿದ್ದು ಹೇಡಿಯ ಕೆಲಸ. ಡಬ್ಬಿಯ ಅರಗನ್ನು ಬ್ಲೇಡಿನಿಂದ ಕೆರೆದು, ಮತ್ತೆ ತಿರುಗುವಂತೆ ಮಾಡಿ, ಸ್ವಲ್ಪವೇ ಪುಡಿ ತುಂಬಿ, ಗಡಿಯಾರಕ್ಕೆ ಕೀ ಕೊಟ್ಟು ಕೂರಿಸಿದೆ. ದಾರ ಕಟ್ಟಿ, ಅರಗು ಸುರಿದು, ನನ್ನ ಹೆಬ್ಬೆರಳು ಒತ್ತಿದೆ. ತಪ್ಪು ಯಾರದಾದರೂ ಏಟು ನನಗೇ ಎಂದು ಗೊತ್ತಿತ್ತಲ್ಲ. ಎಂಟು ದಿನವೂ ಯಂತ್ರವೇ ಊಟ ಹಾಕಿತೆಂದು ಅವನು ನಂಬಿದರೆ ಸಾಕಾಗಿತ್ತು.

ಅಪ್ಪ ಬಂದ. ಹೊಟ್ಟೆ ಹಿಡಿದುಕೊಂಡು ಹೆಜ್ಜೆಹೆಜ್ಜೆ ಇಟ್ಟು ನೇರ ತೊಟ್ಟಿಯ ಮುಂದೆ ನಿಂತ. ಕೆಂಪಗೆ ಮಿಂಚುವ ಮೀನು ನೋಡಿ ಅವನ ಮುಖ ಅರಳಿತು. "ಭೇಷ್! ಮಿಷನ್ನು ಅಂದ್ರೆ ಮಿಷನ್ನಪ್ಪ" ಎಂದ. ಹೊಗಳಿದ್ದು ಮಿಷನ್ನನ್ನು. ಮುದ್ರೆಯನ್ನು ಸರಿಯಾಗಿ ನೋಡದೆ ಒಡೆದು, ಮುಚ್ಚಳ ಎತ್ತಿ, ಹುಳ ಹಿಡಿದ ಬೆರಳು ಇಳಿಸಿದ. ಮೀನು ಬಾಣದಂತೆ ಬಂದು ಕಚ್ಚಿತು.

ಅಪ್ಪ ಕೈ ಕಿತ್ತುಕೊಂಡ. ತೋರುಬೆರಳಿಂದ ರಕ್ತ ತೊಟ್ಟಿಕ್ಕಿ ನೀರಿಗೆ ಬಿತ್ತು. "ಏ, ನಾನ್ ಕಣಪ್ಪ, ನಾನು" ಎಂದು ಮತ್ತೆ ಇಳಿಸಿದ. ಮತ್ತೆ ಕಚ್ಚಿತು, ಈ ಸಲ ಬಿಡದೆ ಕೊಸರಾಡಿತು. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಕೈ ತಪ್ಪಿಹೋದ ಮಗುವಿನ ಮುಖ ಹಾಗಿರುತ್ತದೆ. ನೆಲದ ಮೇಲೆ ಬಿದ್ದ ಅರಗಿನ ಚೂರು ಎತ್ತಿ ಬೆಳಕಿಗೆ ಹಿಡಿದು, ಅದರ ಮೇಲಿನ ಹೆಬ್ಬೆರಳ ಗುರುತು ನೋಡಿದ. ಆಮೇಲೆ ನನ್ನ ಕಡೆ ತಿರುಗಿದ.

"ಕೈ ತೋರ್ಸು."

ತೋರಿಸಿದೆ. ಹೆಬ್ಬೆರಳ ಬುಡ, ಬೆರಳ ತುದಿಗಳು, ಉಗುರು. ಒಂದೊಂದೇ ಗಾಯ ನೋಡಿದ.

"ಅರಗು ಅಂಟ್ಕತಾ?"

"ಊಂ. ಮೂರ್ನೇ ದಿನ. ಪೂರಾ ಸುರ್ದೋಗಿತ್ತು."

"ಅಂಟ್ತದೆ ಅಂತ ನಿಂಗ್ ಮೊದ್ಲೇ ಗೊತ್ತಿತ್ತಾ?"

ಇಲ್ಲ ಎಂದರೆ ಅಲ್ಲಿಗೆ ಮುಗಿಯುತ್ತಿತ್ತು. ಮೀನು ಉಳಿಸಿದ ಮಗನಾಗಿ ಬದುಕಬಹುದಿತ್ತು. ಬಾಯಿಗೆ ಬಂದದ್ದು ಬೇರೆ.

"ಗೊತ್ತಿತ್ತು. ನೀನ್ ಓಗೋ ದಿನ್ವೇ."

ರಕ್ತ ಸೋರುತ್ತಿದ್ದ ಕೈಯಿಂದಲೇ ಹೊಡೆದ. ಹೊಟ್ಟೆಯ ಹೊಲಿಗೆ ಜಗ್ಗಿ ತಾನೂ ಅರ್ಧಕ್ಕೆ ಬಾಗಿದ. "ಬಾಯಿ ಸತ್ತೋಗಿತ್ತೇನ್ಲಾ? ಯೋಳ್ಬೋದಿತ್ತಲ್ಲ!"

ನಾನು ಅತ್ತೆನೋ ಕೂಗಿದೆನೋ ಗೊತ್ತಿಲ್ಲ. "ಯೋಳಿದ್ರೆ ಹೊಡೀತಿದ್ದೆ. ಬುಗುರಿ ಓರೆ ಐತೆ ಅಂದಿದ್ದಕ್ಕೆ ಹೊಡ್ದೆ. ಸಂದು ಬೇಕು ಅಂದಿದ್ದಕ್ಕೆ ಹೊಡ್ದೆ. ಯೋಳಿದ್ರೂ ಹೊಡೀತೀಯ, ಯೋಳ್ದಿದ್ರೂ ಹೊಡೀತೀಯ. ನಾನ್ ಯಾವಾಗ್ ಮಾತಾಡ್ಲಿ ಯೋಳು?"

ಅಪ್ಪನ ಕೈ ಇನ್ನೊಮ್ಮೆ ಎದ್ದಿತ್ತು. ಎದ್ದಲ್ಲೇ ನಿಂತಿತು. ಅಮ್ಮ ಬಾಗಿಲಿಂದ, ಚೀಲ ಕೆಳಗಿಡದೆ, "ಉತ್ರ ಕೊಡಿ, ಕೇಳ್ತಾ ಐತಲ್ಲ ಮಗ" ಎಂದಳು. ಮದುವೆಯಾದಂದಿನಿಂದ ಅವಳು ಅವನಿಗೆ ಹಾಗೆ ಹೇಳಿದ್ದು ಅದೇ ಮೊದಲು. ಅಪ್ಪ ಎತ್ತಿದ ಕೈ ಇಳಿಸಿದ. ಮಂಚಕ್ಕೆ ಹೋಗಿ ಗೋಡೆ ಕಡೆ ಮುಖ ಮಾಡಿ ಮಲಗಿದ.

ಒಂದು ತಿಂಗಳು ಅಪ್ಪ ಲೇತಿನ ಹತ್ತಿರ ಹೋಗಲಿಲ್ಲ. ಹೊತ್ತು ಹೊತ್ತಿಗೆ ನಾನು ಮೀನಿಗೆ ತಿನ್ನಿಸುವುದನ್ನು ಮಂಚದ ಮೇಲಿಂದ ನೋಡುತ್ತಿದ್ದ. ಅದು ನನ್ನ ಬೆರಳಿಂದ ಮೆಲ್ಲಗೆ ಹುಳ ತೆಗೆದುಕೊಳ್ಳುವಾಗ ಕಣ್ಣು ಬೇರೆ ಕಡೆಗೆ ಹೊರಳಿಸುತ್ತಿದ್ದ. ಗೆದ್ದವನಂತೆ ನನಗೆ ಅನ್ನಿಸಲಿಲ್ಲ.

ಡಾಕ್ಟರು ಕೆಲಸ ಮಾಡಬಹುದೆಂದ ದಿನ ಬೆಳಿಗ್ಗೆಯೇ ಲೇತಿನ ಸದ್ದು ಕೇಳಿತು. ಪಾಳಿಗೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದೆ. ಅಪ್ಪ ಒಳಗಿಂದ ಬಂದು ಒಂದು ಡಬ್ಬಿಯನ್ನೂ ಬಳೆಯನ್ನೂ ನನ್ನ ಕೈಗಿಟ್ಟ. ಹಾಲೆಮರ, ಬರಿ ಮರ. ಹೊರಗೂ ಅರಗಿಲ್ಲ, ಒಳಗೂ ಇಲ್ಲ. ಡಬ್ಬಿಗೂ ಬಳೆಗೂ ನಡುವೆ ಒಂದು ಕಾಗದ ತೂರುವಷ್ಟು ಸಂದು. ಅವನ ಲೇತಿನಿಂದ ಬತ್ತಲೆಯಾಗಿ ಇಳಿದ ಸಾಮಾನನ್ನು ನಾನು ನೋಡಿದ್ದು ಅದೊಂದೇ.

"ನೋಡು. ಸರಿ ಐತಾ?" ಎಂದು ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿ ನಿಂತ. "ಇಲ್ದಿದ್ರೆ ಯೋಳು."

ತಿರುಗಿಸಿ ನೋಡಿದೆ. ಬಳೆಯ ತೂತು ಡಬ್ಬಿಯ ತೂತಿಗಿಂತ ಒಂದು ಎಳ್ಳಿನಷ್ಟು ಎಡಕ್ಕಿತ್ತು. ನನ್ನ ಹೆಗಲು ತಾನಾಗಿಯೇ ಕಿವಿಯ ಹತ್ತಿರಕ್ಕೆ ಏರಿತು, ಹುಬ್ಬಿನ ಮೇಲಿನ ಹಳೆಯ ಹೊಲಿಗೆ ಚುರುಗುಟ್ಟಿತು.

"ತೂತು ಒಸಿ ಓರೆ ಐತೆ," ಎಂದೆ.

ಅಪ್ಪ ಬೆನ್ನ ಹಿಂದಿನ ಒಂದು ಕೈ ಬಿಡಿಸಿ ಮುಂದೆ ಚಾಚಿದ. ಬಳೆಯನ್ನು ತೆಗೆದುಕೊಂಡು ಮತ್ತೆ ಲೇತಿಗೆ ಹೋದ.